ಹನ್ನೊಂದು ದಾಕಿನ ತೋಳು

ಯಲಹಂಕ ಹಳೇಪೇಟೆ,
೧೭ ಆಗಸ್ಟ್ ೧೯೮೩, ಬುಧವಾರ

ಪ್ರೀತಿಯ ಮುಸರ್ರತ್ ಆಪಾ,

ನಿನ್ನ ತಂಗಿ ನಸೀಮಾಳ ಸಲಾಮು. ಹೇಗಿದ್ದೀಯ? ಪಾಪುವಿಗೆ ಮೂರು ತಿಂಗಳು ತುಂಬಿತಲ್ಲ, ಕತ್ತು ನಿಂತಿತಾ? ದೊಡ್ಡವನು ತಮ್ಮನನ್ನು ಕಂಡರೆ ಚಿವುಟುತ್ತಾನೆ ಎಂದು ಬರೆದಿದ್ದೆ. ಅವನನ್ನು ಬೈಯಬೇಡ. ಆ ಚಿವುಟುವ ಕಾಯಿಲೆ ನಮ್ಮ ಮನೆತನದ್ದೇ, ಯಾರಿಂದ ಅವನಿಗೆ ಬಂತು ಎಂದು ನಿನಗೆ ಗೊತ್ತು. ನಿನ್ನ ಸೊಂಟನೋವು ಕಡಿಮೆಯಾಯಿತಾ? ರಾಯಚೂರಿನ ಬಿಸಿಲಿಗೆ ಬಾಣಂತಿ ಎಂಬ ಕರುಣೆ ಇರುವುದಿಲ್ಲ, ಮಧ್ಯಾಹ್ನ ಹೊರಗೆ ಬಟ್ಟೆ ಒಗೆಯಲು ಕೂರಬೇಡ. ನಿನ್ನ ಯಜಮಾನರ, ನಮ್ಮ ದುಲ್ಹಾಭಾಯಿಯ, ಶಾಲೆಯ ಕೆಲಸ ಹೇಗೆ ನಡೆದಿದೆ? ಇಲ್ಲಿ ಅಮ್ಮಿ ಪರವಾಗಿಲ್ಲ. ಮಂಡಿ ನೋಯುತ್ತದೆ ಎನ್ನುತ್ತಾಳೆ, ಎಣ್ಣೆ ಹಚ್ಚಲು ಹೋದರೆ ಬೇಡ ಎನ್ನುತ್ತಾಳೆ. ಅಬ್ಬಾ ತೀರಿಕೊಂಡ ಮೇಲಿನ ಇದ್ದತ್ ಮುಗಿಯಲು ಇನ್ನೂ ಒಂದು ತಿಂಗಳಿದೆ. ಅಲ್ಲಿಯವರೆಗೆ ಹೊಸಿಲು ದಾಟುವಂತಿಲ್ಲ, ಹೊರಗಿನ ಗಂಡಸರ ಎದುರು ಬರುವಂತಿಲ್ಲ. ಇಡೀ ದಿನ ಅಬ್ಬಾರ ಮಂಚದ ಹತ್ತಿರ ತಸ್ಬಿಯ ಮಣಿ ಎಣಿಸುತ್ತಾ ಕೂತಿರುತ್ತಾಳೆ. ನಾನು ಬರೆಯುತ್ತಿರುವುದನ್ನು ಅಲ್ಲಿಂದಲೇ ನೋಡುತ್ತಿದ್ದಾಳೆ, ನನ್ನ ದುವಾ ಬರೆದೆಯಾ ಎಂದು ಎರಡು ಸಲ ಕೇಳಿದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ ಎಂಬುದು ನಮ್ಮಿಬ್ಬರಿಗೆ ಎಂಥ ಅನುಕೂಲ ನೋಡು. ಹಳ್ಳಿಹಳ್ಳಿ ಸುತ್ತುವವನ ಮಕ್ಕಳು ಹಳ್ಳಿಯವರ ಅಕ್ಷರ ಕಲಿಯಲಿ ಎಂದು ಅಬ್ಬಾ ಹಟ ಹಿಡಿದು ನಮ್ಮನ್ನು ಕನ್ನಡ ಶಾಲೆಗೆ ಹಾಕಿದ್ದು ಇವತ್ತು ನನ್ನನ್ನು ಕಾಪಾಡುತ್ತಿದೆ. ಈ ಕಾಗದವನ್ನು ನೀನೊಬ್ಬಳೇ ಓದು. ದುಲ್ಹಾಭಾಯಿ ಕೇಳಿದರೆ ಹೆಂಗಸರ ವಿಷಯ ಎಂದು ಹೇಳಿಬಿಡು.

ಆಪಾ, ನಾನು ನಿನ್ನದೊಂದನ್ನು ತೆಗೆದುಕೊಂಡಿದ್ದೇನೆ. ಕೇಳದೆ ತೆಗೆದುಕೊಂಡೆ. ಒಡವೆಯಲ್ಲ, ಸೀರೆಯಲ್ಲ. ಚಿಕ್ಕಜಾಲದಿಂದ ಒಳಗೆ ಎರಡು ಮೈಲಿ ಇದೆಯಲ್ಲ, ಹುಣಸೆತೋಪಿನ ಹಳ್ಳಿ, ಅಲ್ಲಿ ಹೋದ ಭಾನುವಾರ ನಾನು ನೀನಾಗಿದ್ದೆ. ನಾಲ್ಕು ಗಂಟೆಗಳ ಕಾಲ. ಈಗ ಅದು ಅಷ್ಟಕ್ಕೇ ಮುಗಿಯುವ ಹಾಗೂ ಕಾಣುತ್ತಿಲ್ಲ. ಮೊದಲಿನಿಂದ ಹೇಳುತ್ತೇನೆ, ಮಧ್ಯದಲ್ಲಿ ಕಾಗದ ಹರಿಯಬೇಡ.

ಚಿಕ್ಕಬೈರಪ್ಪನವರ ನೆನಪಿದೆಯಾ, ಆ ಊರಿನ ಹಿರಿಯರು? ಅವರೂ ಅವರ ಹೆಂಡತಿ ಮಾರಕ್ಕನೂ ಹೋದ ವಾರ ಮನೆ ಹುಡುಕಿಕೊಂಡು ಬಂದರು. ಅಬ್ಬಾ ಹೋದ ಸುದ್ದಿ ಅವರಿಗೆ ಮುಟ್ಟಿದ್ದೇ ಅದಕ್ಕೆ ಎರಡು ದಿನ ಮುಂಚೆಯಂತೆ. ಬಾಗಿಲಲ್ಲೇ ನಿಂತು ಆ ಮುದುಕರು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಊರಿನಲ್ಲಿ ದಾದಿಗೆಂದು ಒಂದು ಕೋಣೆ ಕಟ್ಟಿದ್ದಾರೆ, ಮಕ್ಕಳಿಗೆ ಸೂಜಿ ಹಾಕುವುದಕ್ಕೆ, ಬಸುರಿಯರನ್ನು ನೋಡುವುದಕ್ಕೆ. ಅದರಲ್ಲಿ ಸಿಡುಬಿನ ಸೂಜಿ ಹಾಕುತ್ತಿದ್ದ ನಮ್ಮ ದಾಕು ಸಾಹೇಬರ ಫೋಟೋ ಹಾಕಬೇಕು, ಅದಕ್ಕೆ ಮೊದಲು ಊರವರೆಲ್ಲ ಕೂತು ಅವರನ್ನು ನೆನೆಯಬೇಕು, ಮನೆಯವರು ಯಾರಾದರೂ ಬರಬೇಕು ಎಂದರು. ಅಮ್ಮಿ ಒಳಗಿನಿಂದಲೇ ನಸೀಮಾ ಬರುತ್ತಾಳೆ ಎಂದಳು, ಆದರೆ ಉರ್ದುವಿನಲ್ಲಿ, ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ. ಆಗ ಮಾರಕ್ಕ ನನ್ನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದಳು. "ಸೈಕಲ್ ಮೇಲೆ ಬತ್ತಿದ್ದ ಮಗ ನೀನೇ ಅಲ್ವೇನವ್ವ?"

ನಾನು ಹೂಂ ಎಂದೆ.

ಬಾಯಿ ತಪ್ಪಿ ಬಂತು ಎಂದು ಬರೆಯಬಹುದಿತ್ತು. ಹಾಗೆ ಬರೆದು ಒಂದು ಹಾಳೆ ಹರಿದೂ ಹಾಕಿದೆ. ಬಾಯಿ ತಪ್ಪಲಿಲ್ಲ ಆಪಾ. ಹದಿಮೂರು ವರ್ಷದಿಂದ ಆ ಪ್ರಶ್ನೆಯನ್ನು ಯಾರಾದರೂ ನನಗೆ ಕೇಳಲಿ ಎಂದು ಕಾಯುತ್ತಿದ್ದೆ.

ಎಪ್ಪತ್ತನೇ ಇಸವಿ ನಿನಗೆ ಹತ್ತು, ನನಗೆ ಐದು. ಅಬ್ಬಾ ಆ ಹಳ್ಳಿಗೆ ಮೂರು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದರು. ಊರಮ್ಮ ಮುನಿಯುತ್ತಾಳೆ, ದಾಕು ಬೇಡ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಅದರ ಹಿಂದಿನ ವರ್ಷವೇ ಸಿಡುಬಿಗೆ ನಾಲ್ಕು ಮಕ್ಕಳನ್ನು ಕಳೆದುಕೊಂಡ ಊರು ಅದು, ಮಾರಕ್ಕನ ಚೊಚ್ಚಲ ಮಗನೂ ಅದರಲ್ಲಿ ಒಬ್ಬ. ಅಬ್ಬಾ ತಮ್ಮ ತೋಳಿಗೇ ಚುಚ್ಚಿಕೊಂಡು ತೋರಿಸಿದರೆ, ದುಡಿಯುವ ಗಂಡಸಿನ ಚರ್ಮ, ಅದಕ್ಕೇನಾಗುತ್ತದೆ, ನಿಮ್ಮ ಮಗುವಿಗೆ ಚುಚ್ಚಿ, ಆಮೇಲೆ ನಮ್ಮ ಮಕ್ಕಳನ್ನು ಮುಟ್ಟಿ ಎಂದವರು ಇದೇ ಚಿಕ್ಕಬೈರಪ್ಪ. ಮಾರನೇ ದಿನ ಅಬ್ಬಾ ನಿನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹೋದರು. ಅಲ್ಲಿಂದ ಅದೇ ರೂಢಿಯಾಯಿತು. ಬಾಗಲೂರಿನ ಕಡೆ, ಜಕ್ಕೂರಿನ ಕಡೆ, ಯಾವ ಊರು ಬಾಗಿಲು ಹಾಕಿದರೂ ಮೊದಲು ನಿನ್ನ ತೋಳು, ಆಮೇಲೆ ಊರಿನ ತೋಳು. ನಾಲ್ಕು ವರ್ಷದಲ್ಲಿ ನಿನ್ನ ಎಡತೋಳಿನಲ್ಲಿ ಹನ್ನೊಂದು ದಾಕಿನ ಕಲೆ. ಲೋಕಕ್ಕೆಲ್ಲ ಎರಡಿದ್ದರೆ ನಿನಗೆ ಹನ್ನೊಂದು. ನೀನು ತಲೆಗೆ ಸ್ನಾನ ಮಾಡಿ ಬಂದು ಕೂತಾಗ ಅವನ್ನು ನಾನು ಬೆರಳಿಟ್ಟು ಎಣಿಸುತ್ತಿದ್ದೆ. ಪ್ರೀತಿಯಿಂದ ಎಣಿಸುತ್ತಾಳೆ ಎಂದು ಅಮ್ಮಿ ತಿಳಿದಿದ್ದಳು.

ನೀವು ಸಾಯಂಕಾಲ ಬರುವ ಹೊತ್ತಿಗೆ ನಾನು ಕೆರೆಯ ದಾರಿಯ ಕಡೆ ಮುಖ ಮಾಡಿ ಜಗಲಿಯ ಮೇಲೆ ಕೂತಿರುತ್ತಿದ್ದೆ. ನಿನ್ನ ತೋಳು ಊದಿದ್ದರೆ ಅಬ್ಬಾ ಸೈಕಲ್ ಹತ್ತದೆ, ನಿನ್ನನ್ನು ಸೀಟಿನ ಮೇಲೆ ಕೂರಿಸಿ ಅಷ್ಟು ದೂರ ತಳ್ಳಿಕೊಂಡೇ ಬರುತ್ತಿದ್ದರು. ಕುಲುಕಾಟಕ್ಕೆ ಮಗುವಿಗೆ ನೋವಾಗುತ್ತದಂತೆ. ಬೇಕರಿಯಿಂದ ನಿನಗೊಂದು ಬೆಣ್ಣೆ ಬನ್ನು ಬೇರೆ. ಮನೆಗೆ ಬಂದು ನೀನು ಅದನ್ನು ಮುರಿದು ಅರ್ಧ ನನಗೆ ಕೊಡುತ್ತಿದ್ದೆ. ಅರ್ಧ ಬನ್ನು ತಿಂದು ಪೂರ್ತಿ ಹೊಟ್ಟೆಕಿಚ್ಚು ಪಡುತ್ತಿದ್ದವಳು ನಾನು. ಅಬ್ಬಾ ಅಂಗಳದಲ್ಲಿ ಸೀಮೆಎಣ್ಣೆ ಸ್ಟೌವ್ ಹಚ್ಚಿ, ಡಬರಿಯಲ್ಲಿ ಆ ಕವಲುಮೂತಿಯ ಸೂಜಿಗಳನ್ನು ಕುದಿಸುತ್ತಾ, ಇವತ್ತು ನಮ್ಮ ಮುಸರ್ರತ್ ನಲವತ್ತು ಮಕ್ಕಳನ್ನು ಉಳಿಸಿದಳು ಎಂದು ಅಮ್ಮಿಗೆ ಹೇಳುತ್ತಿದ್ದರು. ನಾನು ಆ ದಿನ ಶಾಲೆಯಲ್ಲಿ ಮಗ್ಗಿ ಒಪ್ಪಿಸಿ ಬಂದಿರುತ್ತಿದ್ದೆ. ಮಗ್ಗಿಯಿಂದ ಯಾರ ಪ್ರಾಣ ಉಳಿದೀತು?

ನನ್ನನ್ನೂ ಒಂದು ಸಲ ಕರೆದುಕೊಂಡು ಹೋಗಿದ್ದರಲ್ಲ, ಅಮೃತಹಳ್ಳಿಗೆ. ನಿನಗೆ ಜ್ವರ ಇತ್ತು, ನಾನು ಅತ್ತು ಕರೆದು ಸೈಕಲ್ ಹತ್ತಿದ್ದೆ. ದಾರಿಯುದ್ದಕ್ಕೂ ಅಳುವುದಿಲ್ಲ ಅಳುವುದಿಲ್ಲ ಎಂದು ಆಣೆ ಇಟ್ಟಿದ್ದೆ. ಅಲ್ಲಿ ನನ್ನ ಸರದಿ ಬರುವುದಕ್ಕೆ ಮುಂಚೆಯೇ ಯಾವುದೋ ಕೂಸು ಸೂಜಿ ನೋಡಿ ಚೀರಿತು, ಅದನ್ನು ನೋಡಿ ನಾನು ಊರು ಹಾರಿಹೋಗುವ ಹಾಗೆ ಕಿರುಚಿದೆ. ಸಾಲಾಗಿ ನಿಂತಿದ್ದ ತಾಯಂದಿರು ಮಕ್ಕಳನ್ನು ಕಂಕುಳಿಗೆ ಹಾಕಿಕೊಂಡು ಓಡಿದರು. ಸ್ವಂತ ಮಗಳೇ ಹೀಗೆ ಹೆದರಿದರೆ ನಮ್ಮ ಮಕ್ಕಳ ಗತಿ ಏನು ಎಂದು ಬಾಗಿಲು ಹಾಕಿಕೊಂಡರು. ಅಬ್ಬಾ ಆ ದಿನ ಒಂದೇ ಒಂದು ಮಗುವಿಗೂ ಹಾಕಲಾಗದೆ ಹಿಂದಿರುಗಿದರು. ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆ. ನೀನು ಮನೆಯಲ್ಲಿರು ಬೇಟಾ, ಅಮ್ಮಿಗೆ ಜೊತೆ ಬೇಕು ಎಂದರು. ಒಂದು ವಾರ ಬಿಟ್ಟು ನಿನ್ನನ್ನು ಅದೇ ಊರಿಗೆ ಕರೆದುಕೊಂಡು ಹೋಗಿ ನಾನು ಕೆಡಿಸಿದ್ದನ್ನು ಸರಿಮಾಡಿ ಬಂದರು.

ಅದಾದ ಮೇಲೇ ನಾನು ಆ ಕಳ್ಳತನ ಮಾಡಿದ್ದು. ಅಬ್ಬಾ ನಮಾಜಿಗೆ ಹೋಗಿದ್ದಾಗ ಚೀಲ ಬಿಚ್ಚಿ, ಸೂಜಿ ತೆಗೆದು, ಸೀಸೆಯಲ್ಲಿ ಅದ್ದಿ, ತೋಳಿಗೆ ಹದಿನೈದು ಸಲ ಕುಟ್ಟಿಕೊಂಡೆ. ಕಣ್ಣಲ್ಲಿ ನೀರು ಬಂದರೂ ಬಾಯಿ ಬಿಡಲಿಲ್ಲ. ಇನ್ನೇನು ನನಗೂ ಮೂರನೆಯ ಕಲೆ ಏಳುತ್ತದೆ, ಆಮೇಲೆ ನಾಲ್ಕು, ಆಮೇಲೆ ಐದು, ನಿನ್ನನ್ನು ಹಿಂದೆ ಹಾಕುವ ಲೆಕ್ಕಾಚಾರ. ನಾನು ಅದ್ದಿದ್ದು ಲಸಿಕೆಯ ಪುಡಿ ಕಲಸುವ ಬರೀ ನೀರಿನ ಸೀಸೆಯಲ್ಲಿ. ದಿನಾ ಬೆಳಿಗ್ಗೆ ಎದ್ದು ತೋಳು ನೋಡಿಕೊಂಡೆ, ಏನೂ ಏಳಲಿಲ್ಲ. ಕೊನೆಗೆ ಅಬ್ಬಾ ನೋಡಿ ವಿಷಯ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕರು, ನೀನೂ ನಕ್ಕೆ, ಅಮ್ಮಿಯೂ ನಕ್ಕಳು. ಮನೆಗೆ ಬಂದವರಿಗೆಲ್ಲ ಆ ಕಥೆ ಹೇಳಿದರು. ನಿನ್ನ ತೋಳಿನ ಕಥೆ ಹೇಳುವಾಗ ಅಬ್ಬಾರ ದನಿ ತಗ್ಗುತ್ತಿತ್ತು, ನನ್ನ ತೋಳಿನ ಕಥೆಗೆ ಚಹಾ ಕುಡಿಯುತ್ತಿದ್ದವರಿಗೆ ಕೆಮ್ಮು ಬರುತ್ತಿತ್ತು.

ಸಿಡುಬು ಹೋಯಿತು, ಇಲಾಖೆಯವರು ಅಬ್ಬಾರನ್ನು ಮಲೇರಿಯಾಕ್ಕೆ ಹಾಕಿದರು, ನಿನ್ನ ಮದುವೆಯಾಯಿತು, ಅವರು ನಿವೃತ್ತಿಯಾದರು. ಸುಳ್ಳು ಹೇಳಬಾರದು, ನನಗೂ ಅವರು ಕಡಿಮೆ ಮಾಡಲಿಲ್ಲ. ಪಿಯುಸಿ ಪರೀಕ್ಷೆಗೆ ನನ್ನ ಜೊತೆ ತಾವೂ ಕೂತು ಪಾಠ ಓದಿದರು. ಕಾಲೇಜಿನಿಂದ ಬಸ್ಸು ತಡವಾದರೆ ಸ್ಟಾಪಿನಲ್ಲಿ ಕೊಡೆ ಹಿಡಿದು ನಿಂತಿರುತ್ತಿದ್ದರು. ಲಕ್ವ ಹೊಡೆದ ಮೇಲೆ ಎಂಟು ತಿಂಗಳು ನಾನೇ ಉಣ್ಣಿಸಿದೆ, ನಾನೇ ಮೈ ಒರೆಸಿದೆ, ನಮಾಜಿಗೆ ಕೈಕಾಲು ತೊಳೆಸಿ ವಝು ಮಾಡಿಸಿದೆ. ಆದರೂ ಅರ್ಧ ಬಿದ್ದುಹೋದ ಆ ಬಾಯಿಯಿಂದ ಬರುತ್ತಿದ್ದ ಹೆಸರು ಮುಸರ್ರತ್. ನೀರು ಬೇಕಾದರೆ ಮುಸರ್ರತ್, ಮಗ್ಗಲು ತಿರುಗಬೇಕಾದರೆ ಮುಸರ್ರತ್. ನಾನು ಮುಸರ್ರತ್ ಅಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಕೊನೆಕೊನೆಗೆ ಓಗೊಡಲು ಶುರು ಮಾಡಿದ್ದೆ. ನೀನಾಗುವುದು ನನಗೆ ಹೊಸದೇನಲ್ಲ ನೋಡು. ನೀನು ಮೂರು ದಿನದ ಹಸುಗೂಸನ್ನು ಮಗ್ಗುಲಲ್ಲಿಟ್ಟುಕೊಂಡು ಮಣ್ಣಿಗೂ ಬರಲಾಗಲಿಲ್ಲ ಎಂದು ಊರೆಲ್ಲ ನಿನಗಾಗಿ ಮರುಗಿತು. ಅವರ ತಲೆ ನನ್ನ ತೊಡೆಯ ಮೇಲಿತ್ತು ಎಂದು ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಇಷ್ಟು ಹೊಟ್ಟೆಯಲ್ಲಿಟ್ಟುಕೊಂಡು ಭಾನುವಾರ ಆ ಊರಿಗೆ ಹೋದೆ. ಹುಣಸೆ ಮರದ ಕೆಳಗೆ ಚಾಪೆ ಹಾಸಿದ್ದರು, ನನಗೊಂದು ಕುರ್ಚಿ. ಬಿಸಿಲಿನಲ್ಲಿ ಮಕ್ಕಳನ್ನು ಎತ್ತಿಕೊಂಡು ಹೆಂಗಸರು ಬಂದರು. ಆಗ ಅಬ್ಬಾರಿಂದ ದಾಕು ಹಾಕಿಸಿಕೊಂಡವರು ಈಗ ಮೀಸೆ ಬಂದ ಗಂಡಸರು. ಒಬ್ಬೊಬ್ಬರೇ ಅಂಗಿಯ ತೋಳು ಮಡಚಿ ತೋರಿಸಿ, ಇದು ನಿಮ್ಮಪ್ಪನದು ಎಂದು ಹೇಳಿ ಹೋದರು. ಅಬ್ಬಾ ಒಂದು ಮಗು ತಪ್ಪಿಸಿಕೊಂಡಿತೆಂದು ಹೊಲದ ತನಕ ಹುಡುಕಿಕೊಂಡು ಹೋದದ್ದು, ಯಾರ ಮನೆಯಲ್ಲಿಯೂ ಒಂದು ಲೋಟ ಮಜ್ಜಿಗೆಗಿಂತ ಹೆಚ್ಚು ಮುಟ್ಟದಿದ್ದದ್ದು, ಎಂಟನೇ ದಿನ ತಪ್ಪದೆ ಬಂದು ದಾಕು ಎದ್ದಿದೆಯೋ ಇಲ್ಲವೋ ಎಂದು ಮಗುಮಗುವಿನ ತೋಳು ನೋಡಿದ್ದು, ಇವೆಲ್ಲ ನನಗೆ ಗೊತ್ತೇ ಇರಲಿಲ್ಲ. ನಮ್ಮ ತಂದೆಯನ್ನು ನಾನು ಆ ಊರಿನವರಿಂದ ಕೇಳಿ ತಿಳಿದುಕೊಳ್ಳಬೇಕಾಯಿತು. ಅದಕ್ಕೂ ಉರಿ ಬಂತು.

ಆಮೇಲೆ ಚಿಕ್ಕಬೈರಪ್ಪ ಎದ್ದು ನಿಂತರು. "ಆವತ್ತು ನಾನೇ ಅಂದಿದ್ದು, ನಿಮ್ಮ ಮಗೀಗೆ ಚುಚ್ಚಿ ಅಂತ. ಬರಾಕಿಲ್ಲ ಅಂದ್ಕಂಡಿದ್ದೆ. ಬಂದ್ರು. ಆ ಮಗ ತೋಳು ನೀಡ್ತು, ಮಿಸುಕ್ಲಿಲ್ಲ. ನಂಗೆ ನಾಚ್ಕೆ ಆಗಿ ನನ್ನ ಮಕ್ಕಳ್ನ ನಾನೇ ಇಡ್ಕೊಂಡು ಬಂದೆ." ಅಷ್ಟು ಹೇಳಿ ನನ್ನ ಕಡೆ ತಿರುಗಿ ಕೈ ಮುಗಿದರು. ಅರವತ್ತು ದಾಟಿದ ಮನುಷ್ಯ. ನಾನು ಏಳಲಿಲ್ಲ, ಅಲ್ಲ ಎನ್ನಲಿಲ್ಲ. ಶಾಲು ಹೊದಿಸಿದರು, ಹೊದ್ದುಕೊಂಡೆ. ಫೋಟೋದ ಕೆಳಗೆ ಮಗಳ ಹೆಸರನ್ನೂ ಬರೆಸುತ್ತೇವೆ, ಏನವ್ವ ನಿನ್ನ ಹೆಸರು ಎಂದು ಕೇಳಿದರು. ನಸೀಮಾ ಎಂದೆ. ಸ್ಪಷ್ಟವಾಗಿ, ಎರಡು ಸಲ ಹೇಳಿದೆ. ಆ ಕ್ಷಣ ಎಷ್ಟು ಸುಖವಾಗಿತ್ತು ಎಂದು ಬರೆದರೆ ನೀನು ನನ್ನ ಮುಖ ನೋಡುವುದಿಲ್ಲ, ಆದರೂ ಬರೆಯುತ್ತೇನೆ, ತುಂಬ ಸುಖವಾಗಿತ್ತು.

ಊಟಕ್ಕೆ ಏಳುವ ಹೊತ್ತಿಗೆ ಮಾರಕ್ಕ ನನ್ನನ್ನು ತನ್ನ ಮನೆಯ ಹಿತ್ತಲಿಗೆ ಕರೆದುಕೊಂಡು ಹೋದಳು. ನನ್ನ ಎಡತೋಳನ್ನು ತೋಳಿನ ಬಟ್ಟೆಯ ಮೇಲಿನಿಂದಲೇ ಸವರಿದಳು. ಬಟ್ಟೆ ಸರಿಸಿದರೆ ನನ್ನ ಬಂಡವಾಳ ಬಯಲಾಗುತ್ತದೆ ಎಂದು ನಾನು ಶಾಲನ್ನು ಮೇಲೆಳೆದುಕೊಂಡೆ. ಅವಳು ಸರಿಸಲಿಲ್ಲ. ಹುಲ್ಲಿನ ಬಣವೆ ತೋರಿಸಿ ಹೇಳಿದಳು. "ಇದೇ ಜಾಗ. ಅದರ ಇಂದೆ ಕುಂತ್ಕಂಡು ಬಾಯಿಗೆ ಲಂಗ ತುರುಕ್ಕೊಂಡು ಅತ್ತಿದ್ಯಲ್ಲವ್ವ, ಗೆಪ್ತಿ ಐತಾ? ಅಪ್ಪನ್ಗೆ ಏಳ್ಬೇಡಿ, ಅತ್ರೆ ನಾಳಿಂದ ಕರ್ಕೊಂಡ್ ಬರಾಕಿಲ್ಲ ಅಂದು ನನ್ನ ಕಾಲಿಡ್ಕೊಂಡೆ. ನಾನು ಇವತ್ತಿನ ಗಂಟ ಯಾರ್ಗೂ ಏಳಿಲ್ಲ." ಒಂದು ಸಲವಷ್ಟೇ ಅಲ್ಲವಂತೆ. ಮುಂದಿನ ಸಲ ಬಂದಾಗಲೂ, ಆಮೇಲೆ ಎಂಟನೇ ದಿನ ನೋಡಲು ಬಂದಾಗಲೂ ನೀನು ನೀರು ಕುಡಿಯುವ ನೆಪದಲ್ಲಿ ಅವಳ ಹಿತ್ತಲಿಗೆ ಬಂದು ಅತ್ತು, ಮುಖ ತೊಳೆದುಕೊಂಡು, ಬೆಲ್ಲ ತಿಂದು, ಮತ್ತೆ ಅಬ್ಬಾರ ಪಕ್ಕ ಹೋಗಿ ನಿಲ್ಲುತ್ತಿದ್ದೆಯಂತೆ.

ಆಪಾ, ನನಗೆ ಮೊದಲು ಏನನ್ನಿಸಿತು ಗೊತ್ತಾ? ಪಾಪ ಎನ್ನಿಸಲಿಲ್ಲ. ಇವಳಿಗೆ ಬಚ್ಚಿಟ್ಟುಕೊಂಡು ಅಳುವುದಕ್ಕೂ ಒಂದು ಸ್ವಂತ ಜಾಗ ಇತ್ತಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು. ಆಮೇಲೆ ಮಾರಕ್ಕ ಕೇಳಿದಳು. "ಕೊನೀಗಾರ ಅಪ್ಪನ್ಗೆ ಏಳಿದ್ಯಾ?"

ಸೈಕಲ್ಲಿಗೆ ಹೂಂ ಎಂದೆ, ಶಾಲಿಗೆ ಹೂಂ ಎಂದೆ. ಇದಕ್ಕೆ ಹೂಂ ಎನ್ನಲಾಗಲಿಲ್ಲ. ನೀನು ಹೇಳಿದ್ದೆಯಾ? ಹೇಳದೆ ಹೋಗಿದ್ದರೆ, ಹೇಳಿದ್ದೇನೆ ಎಂದು ನಾನು ಅವಳಿಗೆ ಹೇಗೆ ಹೇಳಲಿ? ಅಬ್ಬಾಗೆ ಗೊತ್ತಿತ್ತೋ ಇಲ್ಲವೋ? ಆ ಎಂಟು ತಿಂಗಳು ಅವರು ಮುಸರ್ರತ್ ಮುಸರ್ರತ್ ಎಂದದ್ದು ನೀರಿಗೋ, ಇದಕ್ಕೋ? ನಾನು ಓಗೊಟ್ಟುಬಿಟ್ಟೆ, ನೀನು ಕೇಳಿಸಿಕೊಳ್ಳಬೇಕಾದ ಮಾತು ಏನಾದರೂ ನನ್ನ ಹತ್ತಿರ ನಿಂತುಹೋಯಿತೇ? ಮಾರಕ್ಕನ ಎದುರು ತಲೆ ತಗ್ಗಿಸಿದೆ. ದುಃಖಕ್ಕೆ ಹೀಗಾಗಿದೆ ಎಂದುಕೊಂಡು ಅವಳು ನನಗೆ ಬೆಲ್ಲ ತಂದುಕೊಟ್ಟಳು. ತಿನ್ನಲಾಗಲಿಲ್ಲ.

ಈಗ ವಿಷಯ ಇಷ್ಟು. ಇದೇ ಇಪ್ಪತ್ತೆಂಟನೇ ತಾರೀಕು, ಭಾನುವಾರ, ಫೋಟೋ ಹಾಕುತ್ತಾರೆ. ಮಗಳೇ ಪರದೆ ಸರಿಸಬೇಕಂತೆ. ಕೆಳಗಿನ ಹಲಗೆಯಲ್ಲಿ ನನ್ನ ಹೆಸರು ಬರೆಸುತ್ತಿದ್ದಾರೆ. ನಿನಗೆ ಗಂಡ ಇದ್ದಾನೆ, ಎರಡು ಮಕ್ಕಳಿವೆ, ಹನ್ನೊಂದು ಕಲೆಗಳಿವೆ, ಅಬ್ಬಾರ ಬಾಯಲ್ಲಿ ಕೊನೆಯ ತನಕ ನಿನ್ನ ಹೆಸರಿತ್ತು. ಒಂದು ಹಳ್ಳಿಯ ಒಂದು ಕೋಣೆಯ ಒಂದು ಹಲಗೆ ನನಗಿರಲಿ ಎಂದು ನಿನ್ನನ್ನು ಕೇಳಬೇಕೆಂದೇ ಈ ಕಾಗದ ಹಿಡಿದೆ. ಇರಲಿ ಎಂದು ನೀನು ಒಂದು ಸಾಲು ಬರೆದರೆ ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ. ನೀನು ಬರೆದೇ ಬರೆಯುತ್ತೀಯ, ಬನ್ನಿನ ಹಾಗೆ ಮುರಿದು ಕೊಟ್ಟುಬಿಡುತ್ತೀಯ, ಅದೇ ನನಗೆ ಸಹಿಸಲಾಗದ ವಿಷಯ.

ಅಮ್ಮಿ ನಿನಗೂ ದುಲ್ಹಾಭಾಯಿಗೂ ಮಕ್ಕಳಿಗೂ ದುವಾ ಹೇಳಿದ್ದಾಳೆ, ಹಸುಗೂಸಿಗೆ ದೃಷ್ಟಿ ತೆಗೆಯುವುದು ಮರೆಯಬೇಡ ಎಂದಿದ್ದಾಳೆ. ದೊಡ್ಡವನಿಗೆ ಚಿವುಟುವಾಗ ಉಗುರು ತಾಗಿಸಬಾರದೆಂದು ಅವನ ಖಾಲಾ ನಸೀಮಾ ಹೇಳಿದಳು ಎಂದು ತಿಳಿಸು. ಅಲ್ಲಾಹ್ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ನಸೀಮಾ

ತಾ.ಕ. ಗುರುವಾರ ಮಧ್ಯಾಹ್ನ, ಅವಸರದಲ್ಲಿ. ಕವರು ಅಂಟಿಸುವುದರೊಳಗೆ ಚಿಕ್ಕಬೈರಪ್ಪ, ಮಾರಕ್ಕ ಇಬ್ಬರೂ ಬಂದರು. ಹಲಗೆ ಬರೆಯುವವನಿಗೆ ಹೆಸರು ಸರಿಯಾಗಿ ಬರೆದುಕೊಡು ಎಂದು ಕಾಗದ ಮುಂದಿಟ್ಟರು. ನಾನು ಮುಸರ್ರತ್ ಎಂದು ಬರೆದುಕೊಟ್ಟೆ. ಸೈಕಲ್ ಮೇಲೆ ಬರುತ್ತಿದ್ದವಳು ನಮ್ಮ ಅಕ್ಕ, ರಾಯಚೂರಿನಲ್ಲಿದ್ದಾಳೆ, ನಾನು ಭಾನುವಾರ ಸುಳ್ಳು ಹೇಳಿದೆ ಎಂದೆ. ಬೈಯುತ್ತಾರೆ ಎಂದುಕೊಂಡು ನಿಂತಿದ್ದೆ. ಚಿಕ್ಕಬೈರಪ್ಪ ಆ ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಮಾರಕ್ಕ ಮತ್ತೆ ನನ್ನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿ, "ಅಂಗಾರೆ ಇನ್ನೊಬ್ಬಳು ಮಗಳೂ ಇದ್ದಳಾ? ಸಾಹೇಬ್ರು ಒಂದ್ ದಿನಾನೂ ಏಳ್ಲಿಲ್ವಲ್ಲ" ಎಂದಳು. ಅವಳು ನೋಯಿಸಬೇಕೆಂದು ಹೇಳಿದ್ದಲ್ಲ. ಆಪಾ, ಮಕ್ಕಳನ್ನು ಕಟ್ಟಿಕೊಂಡಾದರೂ ಸರಿ, ಇಪ್ಪತ್ತೇಳಕ್ಕೇ ಬಂದುಬಿಡು. ಪರದೆ ನೀನೇ ಸರಿಸು. ಸರಿಸಿದ ಮೇಲೆ ನನ್ನನ್ನು ಹತ್ತಿರ ಕರೆದು, ಇವಳೂ ಅವರ ಮಗಳೇ ಎಂದು ಆ ಊರಿನವರಿಗೆಲ್ಲ ಕೇಳುವ ಹಾಗೆ ಹೇಳು. ನಾನು ಹೇಳಿದರೆ ಇನ್ನು ಅವರು ನಂಬುವುದಿಲ್ಲ.